12 ಕೋಟಿ ಸಾಲಿನ ಟೇಬಲ್: ಸೇವೆ ನಿಲ್ಲಿಸದೆ ಕಾಲಮ್ ಬದಲಿಸುವ ಕ್ರಮ ಯಾವುದು?

ಅಂಕಣಕಾರ (ಪ್ರಶ್ನೆ)

ಪೋಸ್ಟ್‌ಗ್ರೆಸ್ 14, ಬರಹ ನಡೆಯುವ ಒಂದು ಪ್ರೈಮರಿ ಡೇಟಾಬೇಸ್, ಅದರ ಪ್ರತಿಗಳಾದ ಎರಡು ರೆಪ್ಲಿಕಾ. ಆರ್ಡರ್ಸ್ ಟೇಬಲ್‌ನಲ್ಲಿ ಸುಮಾರು 12 ಕೋಟಿ ಸಾಲುಗಳಿವೆ, ಹಗಲುರಾತ್ರಿ ಓದು-ಬರಹ ನಡೆದೇ ಇರುತ್ತದೆ. ಅದರಲ್ಲಿ ‘ಸ್ಟೇಟಸ್’ ಎಂಬ ಟೆಕ್ಸ್ಟ್ ಕಾಲಮ್ ಇದೆ (ನಾಟ್ ನಲ್, ಅಂದರೆ ಖಾಲಿ ಬಿಡುವಂತಿಲ್ಲ). ಅದರಲ್ಲಿ ಬರುವುದು ಎಂಟೇ ಎಂಟು ವ್ಯಾಲ್ಯೂ. ಇದರ ಜಾಗಕ್ಕೆ ‘ಸ್ಟೇಟಸ್_ಕೋಡ್’ ಎಂಬ ಸ್ಮಾಲ್‌ಇಂಟ್ ಕಾಲಮ್ ಬರಬೇಕು. ಅದಕ್ಕೂ ನಾಟ್ ನಲ್ ಇರಬೇಕು, ಸ್ಟೇಟಸ್ ಪಟ್ಟಿಯ ಟೇಬಲ್‌ಗೆ ಫಾರಿನ್ ಕೀ (ಆ ಪಟ್ಟಿಯಲ್ಲಿರುವ ಕೋಡ್ ಮಾತ್ರ ಬರಲಿ ಎಂಬ ಕೊಂಡಿ) ಇರಬೇಕು, ಇಂಡೆಕ್ಸ್ ಇರಬೇಕು. ಕೊನೆಗೆ ಹಳೆಯ ಕಾಲಮ್ ತೆಗೆಯಬೇಕು.

ಆ್ಯಪ್‌ನ ಆರು ಇನ್‌ಸ್ಟನ್ಸ್‌ಗಳಿವೆ, ರೋಲಿಂಗ್ ಡಿಪ್ಲಾಯ್ (ಒಂದೊಂದಕ್ಕೇ ಹೊಸ ಕೋಡು ಹಾಕುತ್ತಾ ಹೋಗುವುದು). ನಡುವೆ ಪಿಜಿಬೌನ್ಸರ್ (ಡೇಟಾಬೇಸ್ ಕನೆಕ್ಷನ್‌ಗಳನ್ನು ಟ್ರಾನ್ಸಾಕ್ಷನ್‌ಗೊಂದರಂತೆ ಹಂಚುವ ಮಧ್ಯವರ್ತಿ), ಟ್ರಾನ್ಸಾಕ್ಷನ್ ಪೂಲಿಂಗ್‌ನಲ್ಲಿ. ಸದ್ಯಕ್ಕೆ ಎಲ್ಲವನ್ನೂ ಒಂದೇ ಮೈಗ್ರೇಶನ್ (ಡೇಟಾಬೇಸ್ ರಚನೆ ಬದಲಿಸುವ ಸ್ಕ್ರಿಪ್ಟ್) ಫೈಲ್‌ನಲ್ಲಿ ಬರೆದಿದ್ದೇವೆ: ಕಾಲಮ್ ಸೇರಿಸು, ಅಪ್‌ಡೇಟ್ ಮಾಡು, ನಾಟ್ ನಲ್ ಹಾಕು, ಫಾರಿನ್ ಕೀ, ಇಂಡೆಕ್ಸ್, ಹಳೆಯದನ್ನು ಡ್ರಾಪ್ ಮಾಡು. ಸ್ಟೇಜಿಂಗ್‌ನ 2 ಲಕ್ಷ ಸಾಲುಗಳ ಮೇಲೆ ಪೂರ್ತಿ 4 ಸೆಕೆಂಡಿನಲ್ಲಿ ಮುಗಿಯುತ್ತದೆ. ಪ್ರೊಡಕ್ಷನ್‌ನಲ್ಲಿ ಟ್ರಾಫಿಕ್ ಕಡಿಮೆ ಇರುವ ಹೊತ್ತು ನೋಡಿ ಓಡಿಸಿದರೆ ಸಾಕೇ, ಅಥವಾ ಬಿಡಿಬಿಡಿಯಾಗಿ ಮಾಡಬೇಕೇ? ಬಿಡಿಯಾಗಿ ಅಂದರೆ ಯಾವ ಕ್ರಮದಲ್ಲಿ?

ಬೀಗದಕೈ

ನೀವು ಅಳೆದ 4 ಸೆಕೆಂಡು ಕೆಲಸದ ಸಮಯ. ಪ್ರೊಡಕ್ಷನ್‌ನಲ್ಲಿ ಅದರ ಜೊತೆಗೆ ಕಾಯುವ ಸಮಯವೂ ಸೇರುತ್ತದೆ, ಖಾಲಿ ಸ್ಟೇಜಿಂಗ್‌ನಲ್ಲಿ ಅದು ಕಾಣುವುದೇ ಇಲ್ಲ.

ಆಲ್ಟರ್ ಟೇಬಲ್‌ನ ಬಹುತೇಕ ರೂಪಗಳು ಆ್ಯಕ್ಸೆಸ್ ಎಕ್ಸ್‌ಕ್ಲೂಸಿವ್ ಲಾಕ್ (ಓದು-ಬರಹ ಎರಡನ್ನೂ ತಡೆಯುವಂಥದ್ದು) ಕೇಳುತ್ತವೆ. ಬರೀ ಸೆಲೆಕ್ಟ್ ಓಡುತ್ತಿದ್ದರೂ ಆ ಲಾಕ್ ಸಿಗುವುದಿಲ್ಲ. ಯಾವುದೋ ರಿಪೋರ್ಟ್ ಕ್ವೆರಿ ಹತ್ತು ನಿಮಿಷದಿಂದ ಆರ್ಡರ್ಸ್ ಓದುತ್ತಿದೆ ಎನ್ನಿ. ನಿಮ್ಮ ಆಲ್ಟರ್ ಅದು ಮುಗಿಯಲಿ ಎಂದು ಕಾಯುತ್ತದೆ. ಆಲ್ಟರ್ ಒಂದೇ ಕಾದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅದರ ನಂತರ ಬಂದ ಪ್ರತಿಯೊಂದು ಸೆಲೆಕ್ಟ್, ಇನ್ಸರ್ಟ್ ಕೂಡ ಅದರ ಹಿಂದೆಯೇ ನಿಲ್ಲಬೇಕು. ಪಿಜಿಬೌನ್ಸರ್‌ನ ಸರ್ವರ್ ಕನೆಕ್ಷನ್‌ಗಳೆಲ್ಲ ಹೀಗೆ ಕಾಯುವವರಿಂದಲೇ ತುಂಬಿಹೋಗುತ್ತವೆ. ಆಮೇಲೆ ಆರ್ಡರ್ಸ್‌ಗೆ ಸಂಬಂಧವೇ ಇಲ್ಲದ ಲಾಗಿನ್ ಪುಟವೂ ಏಳುವುದಿಲ್ಲ. ಒಂದು ಮಿಲಿಸೆಕೆಂಡಿನ ಆಲ್ಟರ್ ಇಡೀ ಸೈಟನ್ನು ನಿಲ್ಲಿಸುವುದು ಹೀಗೆ. ನಿಮ್ಮ ಫೈಲ್‌ನಲ್ಲಂತೂ ಎಲ್ಲವೂ ಒಂದೇ ಟ್ರಾನ್ಸಾಕ್ಷನ್, ಅಂದರೆ ಮೊದಲ ಸಾಲಿನಲ್ಲಿ ಹಿಡಿದ ಲಾಕ್ 12 ಕೋಟಿ ಸಾಲಿನ ಅಪ್‌ಡೇಟ್ ಮುಗಿದು ಕಮಿಟ್ ಆಗುವವರೆಗೂ ಬಿಡುವುದಿಲ್ಲ. ಟ್ರಾಫಿಕ್ ಕಡಿಮೆ ಇರುವ ಹೊತ್ತು ಇದಕ್ಕೆ ಔಷಧಿಯಲ್ಲ, ಏಕೆಂದರೆ ಉದ್ದನೆಯ ಬ್ಯಾಚ್ ಜಾಬ್, ರಿಪೋರ್ಟ್, ಬ್ಯಾಕಪ್ ಎಲ್ಲ ಓಡುವುದು ಆ ಹೊತ್ತಿನಲ್ಲೇ.

ಮೊದಲು ಮಾಡಬೇಕಾದದ್ದು: ಮೈಗ್ರೇಶನ್‌ಗೆಂದೇ ಬೇರೆ ಡೇಟಾಬೇಸ್ ಯೂಸರ್, ಅದರ ರೋಲ್‌ಗೇ ಲಾಕ್_ಟೈಮ್‌ಔಟ್ 3 ಸೆಕೆಂಡು. ಲಾಕ್ ಸಿಗದಿದ್ದರೆ ಆಲ್ಟರ್ ತಾನೇ ಸೋತು ದಾರಿ ಬಿಡುತ್ತದೆ. 10, 20, 40 ಸೆಕೆಂಡು ಬಿಟ್ಟು ಮತ್ತೆ ಪ್ರಯತ್ನಿಸುವಂತೆ ಸ್ಕ್ರಿಪ್ಟ್ ಇರಲಿ. ಈ ಯೂಸರ್ ಪಿಜಿಬೌನ್ಸರ್ ಮೂಲಕ ಹೋಗಬಾರದು, ನೇರ ಪೋಸ್ಟ್‌ಗ್ರೆಸ್‌ನ 5432 ಪೋರ್ಟ್‌ಗೆ ಕನೆಕ್ಟ್ ಆಗಬೇಕು. ಟ್ರಾನ್ಸಾಕ್ಷನ್ ಪೂಲಿಂಗ್‌ನಲ್ಲಿ ಸೆಷನ್ ಮಟ್ಟದ ಸೆಟ್ ಕಮಾಂಡ್ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ, ಬೇರೆಯವರ ಕ್ವೆರಿಗೆ ಹೋಗಿ ಅಂಟಿಕೊಳ್ಳಬಹುದು.

ಪದೇ ಪದೇ ಟೈಮ್‌ಔಟ್ ಆದರೆ ಪಿಜಿ_ಬ್ಲಾಕಿಂಗ್_ಪಿಡ್ಸ್ ಫಂಕ್ಷನ್ ಕೇಳಿ, ಅಡ್ಡ ನಿಂತವರು ಯಾರೆಂದು ಹೇಳುತ್ತದೆ. ಸಾಮಾನ್ಯವಾಗಿ ಸಿಗುವುದು ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದು ಸುಮ್ಮನೆ ಕೂತ ಕನೆಕ್ಷನ್. ಇಂಥವಕ್ಕೆ ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್ ಇದೆ. ಕೆಲವೊಮ್ಮೆ ಆಟೋವ್ಯಾಕ್ಯೂಮ್ (ಬೇಡವಾದ ಹಳೆಯ ಸಾಲುಗಳನ್ನು ಗುಡಿಸುವ ಕೆಲಸ) ಸಿಗುತ್ತದೆ. ಮಾಮೂಲಿ ಆಟೋವ್ಯಾಕ್ಯೂಮ್ ನಿಮ್ಮ ಆಲ್ಟರ್‌ಗೆ ದಾರಿ ಬಿಟ್ಟುಕೊಡುತ್ತದೆ, ಟ್ರಾನ್ಸಾಕ್ಷನ್ ಸಂಖ್ಯೆಗಳು ತೀರಿ ಮೊದಲಿಗೆ ಸುತ್ತುವ ರ‍್ಯಾಪ್‌ಅರೌಂಡ್ ತಡೆಯಲು ಓಡುತ್ತಿರುವುದು ಬಿಡುವುದಿಲ್ಲ. ಅದು ಮುಗಿಯುವವರೆಗೆ ಕಾಯಿರಿ.

ಸಾಲುಮರ

ಲಾಕ್ ವಿಷಯ ಮೇಲೆ ಬಂದಿದೆ. ಇನ್ನೊಂದು ಮುಖ ಡಿಪ್ಲಾಯ್‌ನದು. ರೋಲಿಂಗ್ ಡಿಪ್ಲಾಯ್ ಅಂದಮೇಲೆ ಕೆಲ ನಿಮಿಷ ಹಳೆಯ ಕೋಡು ಹೊಸ ಕೋಡು ಎರಡೂ ಒಂದೇ ಸ್ಕೀಮಾದ (ಟೇಬಲ್‌ಗಳ ರಚನೆ) ಮೇಲೆ ಓಡುತ್ತವೆ. ರೋಲ್‌ಬ್ಯಾಕ್ ಮಾಡಿದರೆ ಮತ್ತೊಮ್ಮೆ. ಆದ್ದರಿಂದ ಪ್ರತಿ ಹೆಜ್ಜೆಯಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಈಗಿನ ಸ್ಕೀಮಾದಲ್ಲಿ ಹಿಂದಿನ ಕೋಡೂ ಮುಂದಿನ ಕೋಡೂ ಬದುಕುತ್ತವೆಯೇ? ನಿಮ್ಮ ಕೆಲಸಕ್ಕೆ ಕ್ರಮ ಹೀಗೆ.

1. ಕಾಲಮ್ ಸೇರಿಸುವುದು. ನಲ್ ಇರಬಹುದಾದ ಬರೀ ಕಾಲಮ್, ಡಿಫಾಲ್ಟ್ ಬೇಡ. ಇದು ಕ್ಯಾಟಲಾಗ್ (ಟೇಬಲ್‌ಗಳ ವಿವರದ ಪಟ್ಟಿ) ಬದಲಾವಣೆ ಮಾತ್ರ, ಕ್ಷಣದಲ್ಲಿ ಮುಗಿಯುತ್ತದೆ. (2018ರ ಪೋಸ್ಟ್‌ಗ್ರೆಸ್ 11ರಿಂದ ಸ್ಥಿರ ಡಿಫಾಲ್ಟ್ ಇದ್ದರೂ ಟೇಬಲ್ ಮತ್ತೆ ಬರೆಯಬೇಕಿಲ್ಲ. ಆದರೆ ಪ್ರತಿ ಸಾಲಿಗೂ ಬೇರೆ ವ್ಯಾಲ್ಯೂ ಕೊಡುವ ರ‍್ಯಾಂಡಮ್, ಯುಯುಐಡಿ ತರಹದ ಡಿಫಾಲ್ಟ್ ಹಾಕಿದರೆ ಇಂದಿಗೂ ಇಡೀ ಟೇಬಲ್ ಮತ್ತೆ ಬರೆಯಲ್ಪಡುತ್ತದೆ.) ಆ್ಯಪ್‌ನಲ್ಲಿ ‘ಸೆಲೆಕ್ಟ್ ಸ್ಟಾರ್’ ಇರುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳಿದ್ದರೆ ಕಾಲಮ್ ಸೇರಿದ ಕೂಡಲೇ ‘ಕ್ಯಾಶ್ಡ್ ಪ್ಲಾನ್ ಮಸ್ಟ್ ನಾಟ್ ಚೇಂಜ್ ರಿಸಲ್ಟ್ ಟೈಪ್’ ಎಂಬ ಎರರ್ ಬರಬಹುದು. ಕಾಲಮ್‌ಗಳ ಹೆಸರು ಬಿಡಿಸಿ ಬರೆಯುವುದು ಇದಕ್ಕೆ ಪರಿಹಾರ.

2. ಎರಡೂ ಕಡೆ ಬರೆಯುವುದು. ಆ್ಯಪ್ ಕೋಡಿನಲ್ಲೇ ಮಾಡಬಹುದು. ಆದರೆ ಆರ್ಡರ್ಸ್‌ಗೆ ಬರೆಯುವುದು ಆ ಆರು ಇನ್‌ಸ್ಟನ್ಸ್ ಮಾತ್ರವೇ? ಕ್ಯೂ ವರ್ಕರ್, ಕ್ರಾನ್ ಸ್ಕ್ರಿಪ್ಟ್, ಸಪೋರ್ಟ್ ತಂಡದವರ ಅಡ್ಮಿನ್ ಟೂಲ್ ಎಲ್ಲವನ್ನೂ ಎಣಿಸಿ. ಒಂದು ತಪ್ಪಿದರೂ ನಲ್ ಸಾಲುಗಳು ಸೋರುತ್ತಲೇ ಇರುತ್ತವೆ. ನನ್ನ ಒಲವು ಬಿಫೋರ್ ಇನ್ಸರ್ಟ್ ಆರ್ ಅಪ್‌ಡೇಟ್ ಟ್ರಿಗರ್ (ಸಾಲು ಬರೆಯುವ ಮುನ್ನ ಡೇಟಾಬೇಸೇ ಓಡಿಸುವ ಕೋಡು) ಕಡೆಗೆ, ಯಾರು ಬರೆದರೂ ಅದು ಹಿಡಿಯುತ್ತದೆ. ಎರಡು ದಿಕ್ಕಿಗೂ ಬರೆಯಿರಿ: ಕೋಡ್ ಬದಲಾದರೆ ಸ್ಟೇಟಸ್ ತುಂಬಬೇಕು, ಸ್ಟೇಟಸ್ ಬದಲಾದರೆ ಕೋಡ್ ತುಂಬಬೇಕು. ಮುಂದೆ ಹೊಸ ಕೋಡು ಸ್ಟೇಟಸ್_ಕೋಡ್ ಮಾತ್ರ ಬರೆಯತೊಡಗಿದಾಗ, ಇನ್ನೂ ಹಳೆಯ ಕಾಲಮ್ ಓದುತ್ತಿರುವವರು ತಪ್ಪು ಓದಬಾರದಲ್ಲ. ಟ್ರಿಗರ್ ಸೃಷ್ಟಿಗೆ ಶೇರ್ ರೋ ಎಕ್ಸ್‌ಕ್ಲೂಸಿವ್ ಲಾಕ್ ಬೇಕು. ಅದು ಓದನ್ನು ತಡೆಯುವುದಿಲ್ಲ, ಬರಹ ತಡೆಯುತ್ತದೆ, ಹಾಗಾಗಿ ಟೈಮ್‌ಔಟ್ ಇಲ್ಲೂ ಇರಲಿ.

3. ಹಳೆಯ ಸಾಲುಗಳನ್ನು ತುಂಬುವುದು. ಟ್ರಿಗರ್ ಜಾರಿಗೆ ಬಂದ ಮೇಲೆಯೇ ಶುರು. ಪ್ರೈಮರಿ ಕೀಯ (ಸಾಲಿನ ಗುರುತಿನ ಐಡಿ) ವ್ಯಾಪ್ತಿ ಹಿಡಿದು 5,000 ಸಾಲಿನ ತುಂಡುಗಳಲ್ಲಿ, ಪ್ರತಿ ತುಂಡಿಗೂ ಬೇರೆ ಕಮಿಟ್. ಆಫ್‌ಸೆಟ್ ಬಳಸಬೇಡಿ. ಮುಂದೆ ಹೋದಷ್ಟೂ ಹಿಂದಿನ ಸಾಲುಗಳನ್ನೆಲ್ಲ ಎಣಿಸಿಕೊಂಡು ಬರಬೇಕಾಗಿ ನಿಧಾನವಾಗುತ್ತದೆ. 12 ಕೋಟಿಗೆ 24,000 ತುಂಡು. ಒಂದಕ್ಕೆ ವಿರಾಮ ಸೇರಿ ಅರ್ಧ ಸೆಕೆಂಡು ಎಂದರೂ 3 ಗಂಟೆ 20 ನಿಮಿಷ. ಎಲ್ಲಿಗೆ ಬಂತು ಎಂಬುದನ್ನು ಒಂದು ಚಿಕ್ಕ ಟೇಬಲ್‌ನಲ್ಲಿ ಬರೆದಿಡಿ, ನಡುವೆ ನಿಂತರೆ ಅಲ್ಲಿಂದಲೇ ಮುಂದುವರಿಸಬಹುದು. ರೆಪ್ಲಿಕಾ ಹಿಂದುಳಿಯುವುದು ನೀವು ಗೊತ್ತುಮಾಡಿದ ಮಿತಿ ದಾಟಿದರೆ ಲೂಪ್ ತಾನೇ ನಿಲ್ಲಬೇಕು. ವ್ಯಾಲ್ಯೂ ಲೆಕ್ಕ ಅಪ್‌ಡೇಟ್ ಸ್ಟೇಟ್‌ಮೆಂಟಿನ ಒಳಗೇ ಆಗಲಿ. ಆ್ಯಪ್‌ಗೆ ಓದಿಕೊಂಡು ಬಂದು ಆಮೇಲೆ ಬರೆದರೆ, ಆ ನಡುವೆ ಬದಲಾದ ಸಾಲಿನ ಮೇಲೆ ಹಳೆಯ ವ್ಯಾಲ್ಯೂ ಕೂರುತ್ತದೆ.

ಈ ಹೆಜ್ಜೆಯಲ್ಲಿ ಜನ ಮರೆಯುವುದು ಎರಡು. ಪೋಸ್ಟ್‌ಗ್ರೆಸ್‌ನಲ್ಲಿ ಅಪ್‌ಡೇಟ್ ಅಂದರೆ ಸಾಲಿನ ಹೊಸ ಪ್ರತಿ, ಹಳೆಯದು ಸತ್ತ ಸಾಲಾಗಿ ಉಳಿಯುತ್ತದೆ. ಆಟೋವ್ಯಾಕ್ಯೂಮ್‌ನ ಡಿಫಾಲ್ಟ್ ಸ್ಕೇಲ್ ಫ್ಯಾಕ್ಟರ್ 0.2, ಅಂದರೆ ನಿಮ್ಮ ಟೇಬಲ್‌ನಲ್ಲಿ 2.4 ಕೋಟಿ ಸತ್ತ ಸಾಲು ಸೇರುವವರೆಗೆ ಅದು ಏಳುವುದೇ ಇಲ್ಲ. ಈ ಟೇಬಲ್‌ಗೆ ಮಾತ್ರ ತಾತ್ಕಾಲಿಕವಾಗಿ 0.01ಕ್ಕೆ ಇಳಿಸಿ, ಕೆಲಸ ಮುಗಿದ ಮೇಲೆ ಹಿಂದಕ್ಕೆ ಹಾಕಿ. ಎರಡನೆಯದು, ‘ಅಪ್‌ಡೇಟೆಡ್_ಆ್ಯಟ್’ ತುಂಬುವ ಟ್ರಿಗರ್ ಈ ಟೇಬಲ್‌ನಲ್ಲಿದ್ದರೆ 12 ಕೋಟಿ ಸಾಲೂ ‘ಈಗಷ್ಟೇ ಬದಲಾಯಿತು’ ಎಂದು ತೋರಿಸಿಕೊಳ್ಳುತ್ತವೆ. ಆ ದಿನಾಂಕ ನೋಡಿ ಡೇಟಾ ಎಳೆಯುವ ವೇರ್‌ಹೌಸ್, ಸರ್ಚ್ ಇಂಡೆಕ್ಸ್ ಎಲ್ಲ ಪೂರ್ತಿ ಟೇಬಲನ್ನೇ ಮತ್ತೆ ಎಳೆಯುತ್ತವೆ. ಪ್ರತಿ ಬದಲಾವಣೆಯನ್ನೂ ಹೊರಗೆ ಕಳಿಸುವ ಡೆಬೀಜಿಯಂ ತರಹದ್ದಿದ್ದರೆ ಹೇಗಿದ್ದರೂ ಅಷ್ಟೂ ಈವೆಂಟ್ ಹೊರಡುತ್ತವೆ, ಆ ತಂಡಕ್ಕೆ ಮೊದಲೇ ತಿಳಿಸಿಡಿ.

4. ಇಂಡೆಕ್ಸ್. ತುಂಬುವ ಕೆಲಸ ಮುಗಿದ ಮೇಲೆ, ಮೊದಲೇ ಅಲ್ಲ. ಸ್ಟೇಟಸ್_ಕೋಡ್ ಮೇಲೆ ಇಂಡೆಕ್ಸ್ ಇದ್ದರೆ ಆ ಅಪ್‌ಡೇಟ್‌ಗಳಿಗೆ ಹಾಟ್ ಅಪ್‌ಡೇಟಿನ (ಇಂಡೆಕ್ಸ್ ಮುಟ್ಟದೆ ಸಾಲು ಬದಲಿಸುವ ದಾರಿ) ಅನುಕೂಲ ತಪ್ಪುತ್ತದೆ, ಟೇಬಲ್‌ನ ಉಳಿದ ಇಂಡೆಕ್ಸ್‌ಗಳಿಗೂ ಹೊಸ ನಮೂದು ಬರೆಯಬೇಕಾಗುತ್ತದೆ. ಕ್ರಿಯೇಟ್ ಇಂಡೆಕ್ಸ್ ಕನ್‌ಕರೆಂಟ್ಲಿ ಬಳಸಿ. ಇದು ಟ್ರಾನ್ಸಾಕ್ಷನ್ ಒಳಗೆ ಓಡುವುದಿಲ್ಲ, ಟೇಬಲನ್ನು ಎರಡು ಸಲ ಓದುತ್ತದೆ, ತನಗಿಂತ ಮೊದಲು ಶುರುವಾದ ಟ್ರಾನ್ಸಾಕ್ಷನ್‌ಗಳಿಗೆ ಕಾಯುತ್ತದೆ. ಆ ಕಾಯುವಿಕೆಗೂ ಲಾಕ್_ಟೈಮ್‌ಔಟ್ ಅನ್ವಯಿಸುತ್ತದೆ, ಹಾಗಾಗಿ ಈ ಒಂದು ಕಮಾಂಡ್‌ಗೆ ಅದನ್ನೂ ಸ್ಟೇಟ್‌ಮೆಂಟ್_ಟೈಮ್‌ಔಟನ್ನೂ 0 ಮಾಡಿ. ಇದು ಕಾಯುತ್ತಿದ್ದರೂ ಓದು-ಬರಹ ನಿಲ್ಲುವುದಿಲ್ಲ, ಹೆದರಿಕೆಯಿಲ್ಲ. ನಡುವೆ ಸೋತರೆ ‘ಇನ್‌ವ್ಯಾಲಿಡ್’ ಇಂಡೆಕ್ಸ್ ಉಳಿಯುತ್ತದೆ. ಕ್ವೆರಿಗೆ ಅದರಿಂದ ಉಪಯೋಗವಿಲ್ಲ, ಬರಹದ ಭಾರ ಮಾತ್ರ ಪೂರ್ತಿ. ಇನ್ನೂ ಕೆಟ್ಟದ್ದೆಂದರೆ ‘ಇಫ್ ನಾಟ್ ಎಕ್ಸಿಸ್ಟ್ಸ್’ ಹಾಕಿ ಮತ್ತೆ ಓಡಿಸಿದರೆ ಹೆಸರು ಇದೆಯಲ್ಲ ಎಂದು ಸುಮ್ಮನೆ ದಾಟಿಹೋಗುತ್ತದೆ. ಪಿಜಿ_ಇಂಡೆಕ್ಸ್‌ನಲ್ಲಿ ಇಂಡಿಸ್‌ವ್ಯಾಲಿಡ್ ನೋಡಿ, ಫಾಲ್ಸ್ ಇದ್ದರೆ ಡ್ರಾಪ್ ಇಂಡೆಕ್ಸ್ ಕನ್‌ಕರೆಂಟ್ಲಿ ಮಾಡಿ ಮತ್ತೆ ಶುರುಮಾಡಿ.

ಅಂದಹಾಗೆ ಎಂಟೇ ವ್ಯಾಲ್ಯೂ ಇರುವ ಕಾಲಮ್ ಮೇಲೆ ಪೂರ್ತಿ ಇಂಡೆಕ್ಸ್ ಏಕೆ? 12 ಕೋಟಿಯಲ್ಲಿ ಹೆಚ್ಚಿನವು ‘ಮುಗಿದಿದೆ’ ಸ್ಥಿತಿಯಲ್ಲೇ ಇರುತ್ತವೆ, ಅದನ್ನು ಇಂಡೆಕ್ಸ್‌ನಿಂದ ಯಾರೂ ಹುಡುಕುವುದಿಲ್ಲ. ಬಾಕಿ ಉಳಿದ ಸ್ಥಿತಿಗಳಿಗಷ್ಟೇ ಪಾರ್ಷಿಯಲ್ ಇಂಡೆಕ್ಸ್ ಹಾಕಿದರೆ ಗಾತ್ರವೂ ಚಿಕ್ಕದು, ಬರಹದ ಭಾರವೂ ಕಡಿಮೆ.

5. ನಾಟ್ ನಲ್. ನೇರ ಸೆಟ್ ನಾಟ್ ನಲ್ ಮಾಡಿದರೆ ಆ್ಯಕ್ಸೆಸ್ ಎಕ್ಸ್‌ಕ್ಲೂಸಿವ್ ಲಾಕ್ ಹಿಡಿದುಕೊಂಡೇ 12 ಕೋಟಿ ಸಾಲು ಪರೀಕ್ಷಿಸುತ್ತದೆ. ಬದಲಿಗೆ ‘ಸ್ಟೇಟಸ್_ಕೋಡ್ ಈಸ್ ನಾಟ್ ನಲ್’ ಎಂಬ ಚೆಕ್ ಕನ್‌ಸ್ಟ್ರೇಂಟನ್ನು ‘ನಾಟ್ ವ್ಯಾಲಿಡ್’ (ಇರುವ ಸಾಲುಗಳನ್ನು ಈಗ ಪರೀಕ್ಷಿಸಬೇಡ) ಎಂದು ಸೇರಿಸಿ, ಕಮಿಟ್ ಮಾಡಿ. ಬೇರೆ ಟ್ರಾನ್ಸಾಕ್ಷನ್‌ನಲ್ಲಿ ವ್ಯಾಲಿಡೇಟ್ ಕನ್‌ಸ್ಟ್ರೇಂಟ್ ಓಡಿಸಿ. ಇದೂ ಇಡೀ ಟೇಬಲ್ ಓದುತ್ತದೆ, ಆದರೆ ಹಿಡಿಯುವುದು ಶೇರ್ ಅಪ್‌ಡೇಟ್ ಎಕ್ಸ್‌ಕ್ಲೂಸಿವ್ ಲಾಕ್, ಓದು-ಬರಹ ಎರಡೂ ನಡೆಯುತ್ತವೆ. ಆಮೇಲೆ ಸೆಟ್ ನಾಟ್ ನಲ್. ಪೋಸ್ಟ್‌ಗ್ರೆಸ್ 12ರಿಂದ ಇದು ವ್ಯಾಲಿಡೇಟ್ ಆದ ಚೆಕ್ಕನ್ನು ನಂಬಿ ಪರೀಕ್ಷೆ ಬಿಟ್ಟುಬಿಡುತ್ತದೆ. ಕೊನೆಗೆ ಚೆಕ್ ಡ್ರಾಪ್ ಮಾಡಿ. (18ರಲ್ಲಿ ನಾಟ್ ನಲ್‌ಗೇ ನಾಟ್ ವ್ಯಾಲಿಡ್ ಕೊಡಬಹುದು, ನಿಮ್ಮ 14ರಲ್ಲಿ ಇಲ್ಲ.) ಸೇರಿಸುವುದನ್ನೂ ವ್ಯಾಲಿಡೇಟ್ ಮಾಡುವುದನ್ನೂ ಒಂದೇ ಟ್ರಾನ್ಸಾಕ್ಷನ್‌ಗೆ ತುರುಕಿದರೆ ಮೊದಲಿನ ದೊಡ್ಡ ಲಾಕ್ ಪೂರ್ತಿ ಪರೀಕ್ಷೆ ಮುಗಿಯುವವರೆಗೂ ಉಳಿಯುತ್ತದೆ, ಇಷ್ಟು ಸರ್ಕಸ್ ಮಾಡಿದ್ದೇ ವ್ಯರ್ಥ.

6. ಫಾರಿನ್ ಕೀ. ಅದೇ ದಾರಿ: ನಾಟ್ ವ್ಯಾಲಿಡ್, ಆಮೇಲೆ ವ್ಯಾಲಿಡೇಟ್. ಸೇರಿಸುವಾಗ ಎರಡೂ ಟೇಬಲ್‌ಗಳ ಮೇಲೆ ಲಾಕ್ ಬೇಕು ಎಂಬುದಷ್ಟೇ ನೆನಪಿರಲಿ.

7. ಓದನ್ನು ಬದಲಿಸುವುದು. ಫೀಚರ್ ಫ್ಲಾಗ್ (ಕೋಡಿನೊಳಗಿನ ಆನ್-ಆಫ್ ಸ್ವಿಚ್) ಹಿಂದೆ. ಬದಲಿಸುವ ಮೊದಲು ಎರಡು ಕಾಲಮ್‌ಗಳೂ ಹೊಂದುತ್ತವೆಯೇ ಎಂದು ರೆಪ್ಲಿಕಾದಲ್ಲಿ ಎಣಿಸಿ, ಹೊಂದದವು ಸೊನ್ನೆ ಇರಬೇಕು.

ಹಳೆಯ ಕಾಲಮ್ ತೆಗೆಯುವುದಕ್ಕೆ ಅವಸರ ಬೇಡ.

ಅಂಕಣಕಾರ

ತುಂಬಾ ಧನ್ಯವಾದ. ಎರಡು ಸಂದೇಹ. ಹಳೆಯ ಕಾಲಮ್ ತೆಗೆಯುವ ಸರಿಯಾದ ಕ್ರಮ ಯಾವುದು? ಡ್ರಾಪ್ ಕಾಲಮ್ ಕ್ಷಣದ ಕೆಲಸ ಎಂದು ಕೇಳಿದ್ದೇನೆ. ಇನ್ನೊಂದು, ನಮ್ಮಲ್ಲಿ ಆ್ಯಪ್ ಏಳುವಾಗಲೇ ಮೈಗ್ರೇಶನ್ ಓಡುತ್ತದೆ (ಫ್ಲೈವೇ ಎಂಬ ಟೂಲ್). ಅದನ್ನು ಹಾಗೆಯೇ ಇಟ್ಟುಕೊಳ್ಳಬಹುದೇ?

ನಡುರಾತ್ರಿ_ಡ್ಯೂಟಿ

ಎರಡನೆಯದು ಮೊದಲು. ಇಟ್ಟುಕೊಳ್ಳಬೇಡಿ. ಆ್ಯಪ್ ಏಳುವುದು ತಡವಾಯಿತೆಂದು ಕುಬರ್ನೆಟೀಸ್‌ನ ಲೈವ್‌ನೆಸ್ ಪ್ರೋಬ್ (ಆ್ಯಪ್ ಬದುಕಿದೆಯೇ ಎಂದು ನೋಡುವ ತಪಾಸಣೆ) ಪಾಡನ್ನು (ಆ್ಯಪ್ ಓಡುವ ಘಟಕ) ಕೊಲ್ಲುತ್ತದೆ, ಇಂಡೆಕ್ಸ್ ಅರ್ಧಕ್ಕೆ ನಿಂತು ಮೇಲೆ ಹೇಳಿದ ಇನ್‌ವ್ಯಾಲಿಡ್ ಸ್ಥಿತಿಗೆ ಬೀಳುತ್ತದೆ. ಡಿಪ್ಲಾಯ್‌ಗೆ ಮುಂಚೆ ಓಡುವ ಪ್ರತ್ಯೇಕ ಜಾಬ್ ಮಾಡಿ. ಫ್ಲೈವೇದಲ್ಲಿ ಇನ್ನೊಂದು ಗಂಟಿದೆ: ಅದು ತನ್ನ ಲಾಕ್‌ಗಾಗಿ ಒಂದು ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡಿದ್ದರೆ ಕನ್‌ಕರೆಂಟ್ಲಿ ಅದೇ ಟ್ರಾನ್ಸಾಕ್ಷನ್ ಮುಗಿಯಲಿ ಎಂದು ಕಾಯುತ್ತದೆ, ಫ್ಲೈವೇ ಇಂಡೆಕ್ಸ್ ಮುಗಿಯಲಿ ಎಂದು ಕಾಯುತ್ತದೆ. ಯಾರೂ ಅಲುಗುವುದಿಲ್ಲ. ಪೋಸ್ಟ್‌ಗ್ರೆಸ್‌ಗೆಂದೇ ಇರುವ ‘ಟ್ರಾನ್ಸಾಕ್ಷನಲ್ ಲಾಕ್’ ಸೆಟ್ಟಿಂಗನ್ನು ಫಾಲ್ಸ್ ಮಾಡಿದರೆ ಸರಿಹೋಗುತ್ತದೆ. 12 ಕೋಟಿ ಸಾಲು ತುಂಬುವ ಕೆಲಸವಂತೂ ಮೈಗ್ರೇಶನ್ ಫೈಲ್‌ನಲ್ಲಿ ಇರಲೇಬಾರದು, ಅದು ಬೇರೆ ಸ್ಕ್ರಿಪ್ಟ್.

ಈಗ ಡ್ರಾಪ್. ಕ್ಷಣದ ಕೆಲಸ ಹೌದು, ಕ್ಯಾಟಲಾಗ್‌ನಲ್ಲಿ ಗುರುತು ಹಾಕುವುದಷ್ಟೇ. (ಡಿಸ್ಕ್ ಜಾಗ ಕೂಡಲೇ ವಾಪಸ್ ಬರುವುದಿಲ್ಲ.) ಕಷ್ಟ ಇರುವುದು ಅದಕ್ಕೆ ಮುಂಚೆ. ನಿಮ್ಮ ‘ಸ್ಟೇಟಸ್’ ನಾಟ್ ನಲ್, ಡಿಫಾಲ್ಟ್ ಇಲ್ಲ. ಅದನ್ನು ಬರೆಯದ ಕೋಡು ಡಿಪ್ಲಾಯ್ ಆಗಿ, ಟ್ರಿಗರ್ ಕೂಡ ಇಲ್ಲದಿದ್ದರೆ ಪ್ರತಿ ಇನ್ಸರ್ಟೂ ಸೋಲುತ್ತದೆ. ಆದ್ದರಿಂದ: ಮೊದಲು ಹಳೆಯ ಕಾಲಮ್‌ನ ನಾಟ್ ನಲ್ ತೆಗೆಯಿರಿ. ಆಮೇಲೆ ಅದನ್ನು ಓದದ, ಬರೆಯದ ಕೋಡು ಎಲ್ಲೆಡೆ ಹೋಗಲಿ. ಓಆರ್‌ಎಂ (ಕೋಡಿನ ಮಾಡೆಲನ್ನು ಟೇಬಲ್‌ಗೆ ಜೋಡಿಸುವ ಲೈಬ್ರರಿ) ಬಳಸುತ್ತಿದ್ದರೆ ಮಾಡೆಲ್‌ನಿಂದಲೂ ಕಾಲಮ್ ತೆಗೆಯಬೇಕು. ಅನೇಕ ಓಆರ್‌ಎಂಗಳು ಕಾಲಮ್ ಪಟ್ಟಿಯನ್ನು ಏಳುವಾಗಲೇ ಓದಿ ಇಟ್ಟುಕೊಂಡು ಪ್ರತಿ ಇನ್ಸರ್ಟ್‌ನಲ್ಲೂ ಎಲ್ಲ ಹೆಸರು ಬರೆಯುತ್ತವೆ, ಡ್ರಾಪ್ ಆದ ಕ್ಷಣದಿಂದ ಎರರ್. ರೇಲ್ಸ್‌ನಲ್ಲಿ ಇದಕ್ಕೇ ಇಗ್ನೋರ್ಡ್_ಕಾಲಮ್ಸ್ ಇದೆ. ನಂತರ ಟ್ರಿಗರ್ ತೆಗೆಯಿರಿ, ಕೊನೆಗೆ ಡ್ರಾಪ್.

ಡ್ರಾಪ್ ಕಾಲಮ್ ಜೊತೆಗೆ ಆ ಕಾಲಮ್ ಸೇರಿರುವ ಇಂಡೆಕ್ಸ್‌ಗಳೂ ಕೇಳದೆ ಹೋಗುತ್ತವೆ, ಎರಡು-ಮೂರು ಕಾಲಮ್‌ಗಳದ್ದಾದರೂ ಸರಿ. ‘ಗ್ರಾಹಕ ಐಡಿ, ಸ್ಟೇಟಸ್’ ಎಂಬ ಜಂಟಿ ಇಂಡೆಕ್ಸ್ ಇದ್ದು, ಗ್ರಾಹಕ ಐಡಿಯ ಹುಡುಕಾಟವೂ ಅದರ ಮೇಲೇ ನಿಂತಿದ್ದರೆ ಡ್ರಾಪ್ ಆದ ಮರುಕ್ಷಣ ಆ ಕ್ವೆರಿಗಳು ಇಡೀ ಟೇಬಲ್ ಓದತೊಡಗುತ್ತವೆ. ಬದಲಿ ಇಂಡೆಕ್ಸ್ ಮೊದಲೇ ಕಟ್ಟಿಡಿ. ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಅವಲಂಬಿಸಿದ್ದರೆ ಡ್ರಾಪ್ ಎರರ್ ಕೊಟ್ಟು ನಿಲ್ಲುತ್ತದೆ, ಅದು ಒಳ್ಳೆಯದೇ. ಅವಲಂಬಿಸಿದ್ದನ್ನೂ ಅಳಿಸಿಬಿಡುವ ಕ್ಯಾಸ್ಕೇಡ್ ಹಾಕಿ ಬಾಯಿ ಮುಚ್ಚಿಸಬೇಡಿ.

ರೆಪ್ಲಿಕಾ ಇರುವುದರಿಂದ ಇನ್ನೊಂದು: ಪ್ರೈಮರಿಯ ಆ್ಯಕ್ಸೆಸ್ ಎಕ್ಸ್‌ಕ್ಲೂಸಿವ್ ಲಾಕ್ ರೆಪ್ಲಿಕಾದಲ್ಲೂ ಮತ್ತೆ ನಡೆಯುತ್ತದೆ. ಅಲ್ಲಿ ಉದ್ದನೆಯ ಕ್ವೆರಿ ಅದೇ ಟೇಬಲ್ ಓದುತ್ತಿದ್ದರೆ ರಿಪ್ಲೇ ನಿಂತು ರೆಪ್ಲಿಕಾ ಹಿಂದುಳಿಯುತ್ತದೆ, ಮ್ಯಾಕ್ಸ್_ಸ್ಟ್ಯಾಂಡ್‌ಬೈ_ಸ್ಟ್ರೀಮಿಂಗ್_ಡಿಲೇ (ಡಿಫಾಲ್ಟ್ 30 ಸೆಕೆಂಡು) ಮುಗಿದರೆ ಆ ಕ್ವೆರಿ ರದ್ದಾಗುತ್ತದೆ. ಪ್ರೈಮರಿಯ ಲಾಕ್_ಟೈಮ್‌ಔಟ್ ಇದಕ್ಕೆ ಏನೂ ಮಾಡಲಾರದು.

ಸಾಲುಮರ ಅವರ 6ನೇ ಹೆಜ್ಜೆಗೆ ನನ್ನ ತಕರಾರಿದೆ. ಎಂಟು ಸಾಲಿನ ಪಟ್ಟಿಗೆ ಫಾರಿನ್ ಕೀ ಹಾಕಿದರೆ ಪ್ರತಿ ಆರ್ಡರ್ ಇನ್ಸರ್ಟೂ ಅದೇ ಎಂಟು ಸಾಲುಗಳಲ್ಲೊಂದರ ಮೇಲೆ ಕೀ ಶೇರ್ ಲಾಕ್ ತೆಗೆದುಕೊಳ್ಳುತ್ತದೆ. ಬರಹ ಜೋರಾಗಿದ್ದರೆ ಮಲ್ಟಿಎಕ್ಸಾಕ್ಟ್‌ಗಳು (ಒಂದೇ ಸಾಲನ್ನು ಹಲವು ಟ್ರಾನ್ಸಾಕ್ಷನ್ ಹಿಡಿದಿರುವುದರ ದಾಖಲೆ) ಗುಡ್ಡೆ ಬೀಳುತ್ತವೆ. ‘1ರಿಂದ 8ರೊಳಗೆ’ ಎಂಬ ಚೆಕ್ ಕನ್‌ಸ್ಟ್ರೇಂಟ್ ಸಾಕು.

ಸಾಲುಮರ

ಚೆಕ್ ಒಪ್ಪುತ್ತೇನೆ, ಸ್ಟೇಟಸ್ ಪಟ್ಟಿ ಬದಲಾಗುವುದು ಅಪರೂಪವಾದರೆ. ಹೊಸ ಸ್ಟೇಟಸ್ ಬಂದಾಗಲೆಲ್ಲ ಚೆಕ್ ಬದಲಿಸಬೇಕು, ಅಂದರೆ ಹೊಸ ಚೆಕ್ಕನ್ನು ನಾಟ್ ವ್ಯಾಲಿಡ್ ಆಗಿ ಸೇರಿಸಿ, ವ್ಯಾಲಿಡೇಟ್ ಮಾಡಿ, ಹಳೆಯದನ್ನು ಡ್ರಾಪ್ ಮಾಡುವ ಮೂರು ಹೆಜ್ಜೆ. ಪಟ್ಟಿಯನ್ನು ಅಡ್ಮಿನ್ ಪುಟದಿಂದಲೇ ಬದಲಿಸುವ ಅಭ್ಯಾಸ ಇದ್ದರೆ ಫಾರಿನ್ ಕೀಯೇ ಇರಲಿ.

ಬಿನ್‌ಲಾಗ್_ಬಸ್ಯ

ಇದೇ ಕೆಲಸ ಮೈಎಸ್‌ಕ್ಯೂಎಲ್ 8.0ದಲ್ಲಿ ಮಾಡುವವರಿಗೆ ಏನು ಬದಲಾಗುತ್ತದೆ?

ಬೀಗದಕೈ

ಕ್ರಮ ಅದೇ, ಉಪಕರಣ ಬೇರೆ.

ಲಾಕ್‌ಗಾಗಿ ಸರದಿ ನಿಲ್ಲುವ ತೊಂದರೆ ಇಲ್ಲೂ ಉಂಟು, ಹೆಸರು ಮೆಟಾಡೇಟಾ ಲಾಕ್. ಇದಕ್ಕೆ ಸಂಬಂಧಿಸಿದ ಲಾಕ್_ವೇಟ್_ಟೈಮ್‌ಔಟ್‌ನ ಡಿಫಾಲ್ಟ್ 3,15,36,000 ಸೆಕೆಂಡು, ಅಂದರೆ ಒಂದು ವರ್ಷ. ಆಲ್ಟರ್ ಓಡಿಸುವ ಸೆಷನ್‌ನಲ್ಲಿ 5ಕ್ಕೆ ಇಳಿಸಿ. ಪ್ರತಿ ಡಿಡಿಎಲ್‌ಗೂ (ಆಲ್ಟರ್ ತರಹ ರಚನೆ ಬದಲಿಸುವ ಕಮಾಂಡ್) ತಾನಾಗಿ ಕಮಿಟ್ ಆಗಿಬಿಡುತ್ತದೆ. ಪೋಸ್ಟ್‌ಗ್ರೆಸ್‌ನಂತೆ ನಾಲ್ಕು ಆಲ್ಟರ್ ಸೇರಿಸಿ ರೋಲ್‌ಬ್ಯಾಕ್ ಮಾಡಲಾಗದು, ಆದ್ದರಿಂದ ಒಂದು ಮೈಗ್ರೇಶನ್ ಫೈಲ್‌ಗೆ ಒಂದೇ ಡಿಡಿಎಲ್.

ಆಲ್ಗಾರಿದಮ್ ಯಾವುದೆಂದು ಯಾವಾಗಲೂ ಬಾಯಿಬಿಟ್ಟು ಹೇಳಿ. ‘ಆಲ್ಗಾರಿದಮ್ ಇನ್‌ಸ್ಟಂಟ್’ ಎಂದು ಬರೆದರೆ, ಹಾಗೆ ಮಾಡಲು ಆಗದಿದ್ದಾಗ ಎರರ್ ಬರುತ್ತದೆ. ಬರೆಯದಿದ್ದರೆ ಸದ್ದಿಲ್ಲದೆ ಇಡೀ ಟೇಬಲ್ ಕಾಪಿ ಮಾಡಲು ಕೂರಬಹುದು. ಕೊನೆಯಲ್ಲಿ ಕಾಲಮ್ ಸೇರಿಸುವುದು 8.0.12ರಿಂದ ಇನ್‌ಸ್ಟಂಟ್. ನಡುವೆ ಸೇರಿಸುವುದು, ಡ್ರಾಪ್ ಮಾಡುವುದು 8.0.29ರಿಂದ. ಆದರೆ 8.0ದಲ್ಲಿ ಒಂದು ಟೇಬಲ್‌ಗೆ ಇಂಥ 64 ಆವೃತ್ತಿಗಳ ಮಿತಿ ಇದೆ, ಅದು ತುಂಬಿದರೆ ಟೇಬಲ್ ರೀಬಿಲ್ಡ್ ಆಗಬೇಕು.

ವಾರ್‌ಚಾರ್ ಉದ್ದ ಹೆಚ್ಚಿಸುವಾಗ 255 ಬೈಟಿನ ಗಡಿ ನೋಡಿ. ಅಲ್ಲಿಯವರೆಗೆ ಉದ್ದ ಬರೆಯಲು ಒಂದು ಬೈಟು, ಆಮೇಲೆ ಎರಡು. ಯುಟಿಎಫ್8ಎಂಬಿ4ನಲ್ಲಿ ಅಕ್ಷರಕ್ಕೆ 4 ಬೈಟಿನಂತೆ ವಾರ್‌ಚಾರ್ 63 ಗಡಿಯ ಒಳಗೆ (252), 64 ಹೊರಗೆ (256). 50ರಿಂದ 60ಕ್ಕೆ ಸಲೀಸು, 50ರಿಂದ 100ಕ್ಕೆ ಟೇಬಲ್ ಕಾಪಿ.

ಇನ್‌ಪ್ಲೇಸ್ ಎಂಬ ಇನ್ನೊಂದು ಆಲ್ಗಾರಿದಮ್ ಪ್ರೈಮರಿಯಲ್ಲಿ ಬರಹ ತಡೆಯದಿದ್ದರೂ ರೆಪ್ಲಿಕಾಗೆ ಕೆಟ್ಟದ್ದು. ಪ್ರೈಮರಿಯಲ್ಲಿ ಒಂದು ಗಂಟೆ ಹಿಡಿದ ಆಲ್ಟರ್ ಮುಗಿದ ಮೇಲೆ ರೆಪ್ಲಿಕಾದಲ್ಲಿ ಮತ್ತೆ ಹೆಚ್ಚುಕಡಿಮೆ ಒಂದು ಗಂಟೆ ಓಡುತ್ತದೆ, ಅಷ್ಟು ಹೊತ್ತು ರೆಪ್ಲಿಕಾ ಹಿಂದೆ. ದೊಡ್ಡ ಟೇಬಲ್‌ಗೆ ಜನ ಘೋಸ್ಟ್ ಅಥವಾ ಪಿಟಿ ಆನ್‌ಲೈನ್ ಸ್ಕೀಮಾ ಚೇಂಜ್ ಎಂಬ ಟೂಲ್ ಬಳಸುವುದು ಇದಕ್ಕೇ. ಎರಡೂ ಹೊಸ ಟೇಬಲ್ ಮಾಡಿ, ತುಂಡುತುಂಡಾಗಿ ಕಾಪಿ ಮಾಡಿ, ಕೊನೆಗೆ ಹೆಸರು ಅದಲುಬದಲು ಮಾಡುತ್ತವೆ. ನಡುವಿನ ಬದಲಾವಣೆ ಹಿಡಿಯಲು ಪಿಟಿ ಮೂರು ಟ್ರಿಗರ್ ಹಾಕುತ್ತದೆ, ಘೋಸ್ಟ್ ಮೈಎಸ್‌ಕ್ಯೂಎಲ್‌ನ ಬದಲಾವಣೆಗಳ ದಾಖಲೆಯಾದ ಬಿನ್‌ಲಾಗ್ ಓದುತ್ತದೆ (ಬಿನ್‌ಲಾಗ್ ರೋ ಫಾರ್ಮ್ಯಾಟ್‌ನಲ್ಲಿರಬೇಕು). ಬರಹ ಜೋರಿರುವ ಟೇಬಲ್‌ಗೆ ನನ್ನ ಆಯ್ಕೆ ಘೋಸ್ಟ್: ಬೇಕಾದಾಗ ನಿಲ್ಲಿಸಬಹುದು, ಪೋಸ್ಟ್‌ಪೋನ್ ಫ್ಲ್ಯಾಗ್ ಫೈಲ್ ಇಟ್ಟರೆ ಅದಲುಬದಲಿನ ಕ್ಷಣ ನಿಮ್ಮ ಕೈಯಲ್ಲಿರುತ್ತದೆ. ಫಾರಿನ್ ಕೀ ಇರುವ ಟೇಬಲ್‌ಗೆ ಅದು ಒಗ್ಗುವುದಿಲ್ಲ, ಅಲ್ಲಿ ಪಿಟಿಯೇ ಗತಿ. ಯಾವುದೇ ಆದರೂ ಟೇಬಲ್ ಜೊತೆಗೆ ಇಂಡೆಕ್ಸ್‌ಗಳೂ ಸೇರಿ ಅಷ್ಟೇ ಡಿಸ್ಕ್ ಖಾಲಿ ಇರಬೇಕು, ಬಿನ್‌ಲಾಗ್ ಬೆಳೆಯುವುದಕ್ಕೆ ಬೇರೆ ಜಾಗ.

ನಡುರಾತ್ರಿ_ಡ್ಯೂಟಿ

ಅಂಕಣಕಾರರೇ, ಹೊರಡುವ ಮುನ್ನ ಆರ್ಡರ್ಸ್‌ನ ಪ್ರೈಮರಿ ಕೀ ಇಂಟಿಜರೋ ಬಿಗ್‌ಇಂಟೋ ನೋಡಿಬಿಡಿ. ಇಂಟಿಜರ್‌ನ ತುದಿ 2,14,74,83,647. ಸಾಲು 12 ಕೋಟಿ ಇದ್ದರೂ ಸೋತ ಇನ್ಸರ್ಟ್, ‘ಆನ್ ಕಾನ್‌ಫ್ಲಿಕ್ಟ್’ ಎಲ್ಲ ಸೀಕ್ವೆನ್ಸ್ (ಹೊಸ ಐಡಿ ಹಂಚುವ ಎಣಿಕೆ) ಸಂಖ್ಯೆ ತಿನ್ನುತ್ತವೆ, ಹಾಗಾಗಿ ಸಾಲು ಎಣಿಸಬೇಡಿ, ಸೀಕ್ವೆನ್ಸ್‌ನ ಕೊನೆಯ ವ್ಯಾಲ್ಯೂ ನೋಡಿ. ಅರ್ಧ ದಾಟಿದ್ದರೆ ಅದನ್ನೂ ಇದೇ ಯೋಜನೆಗೆ ಸೇರಿಸಿ. ಟೈಪ್ ನೇರ ಬದಲಿಸಿದರೆ ಇಡೀ ಟೇಬಲ್ ದೊಡ್ಡ ಲಾಕ್ ಹಿಡಿದೇ ಮತ್ತೆ ಬರೆಯಲ್ಪಡುತ್ತದೆ, ಆದ್ದರಿಂದ ಹೊಸ ಕಾಲಮ್, ಟ್ರಿಗರ್, ತುಂಬುವಿಕೆ ಎಂಬ ಅದೇ ದಾರಿ ಇಲ್ಲೂ ಬೇಕು. ಎರಡು ಕಾಲಮ್‌ಗೂ ಒಂದೇ ಸುತ್ತಿನಲ್ಲಿ ತುಂಬಿದರೆ 12 ಕೋಟಿ ಅಪ್‌ಡೇಟ್ ಒಂದು ಸಲಕ್ಕೇ ಮುಗಿಯುತ್ತದೆ. ಆ ಐಡಿಯನ್ನು ಇಂಟಿಜರ್ ಆಗಿ ಇಟ್ಟುಕೊಂಡಿರುವ ಉಳಿದ ಟೇಬಲ್‌ಗಳನ್ನೂ ಪಟ್ಟಿ ಮಾಡಿ. ಸೀರಿಯಲ್‌ನಿಂದ ಹುಟ್ಟಿದ ಸೀಕ್ವೆನ್ಸ್ ಪೋಸ್ಟ್‌ಗ್ರೆಸ್ 10ರಿಂದ ತಾನೂ ಇಂಟಿಜರ್ ಟೈಪಿನದೇ, ಕಾಲಮ್ ಬಿಗ್‌ಇಂಟ್ ಆದರೂ ಸೀಕ್ವೆನ್ಸ್ ಅದೇ ತುದಿಯಲ್ಲಿ ನಿಲ್ಲುತ್ತದೆ. ಆಲ್ಟರ್ ಸೀಕ್ವೆನ್ಸ್ ಆ್ಯಸ್ ಬಿಗ್‌ಇಂಟ್ ಬೇರೆಯಾಗಿ ಕೊಡಬೇಕು.